ಅಣ್ಣ ಕಟ್ಟಿದ ಒದ್ದೆ ಬಟ್ಟೆ

ಸುರಪುರದ ವಕೀಲರ ಮನೆಯ ಎರಡು ಸೀಟಿನ ಗಾಡಿಯ ಬಾನೆಟ್ಟನ್ನು ನಾನು ಒಬ್ಬನೇ ಎತ್ತಿದ್ದು ಅಣ್ಣ ತೀರಿಕೊಂಡ ಮೇಲೆಯೇ. ಅಲ್ಲಿಯವರೆಗೆ ಆ ಗಾಡಿಗೆ ಕೈ ಹಚ್ಚುವುದು ಅವನ ಕೆಲಸ, ಪಾನಾ, ಸ್ಕ್ರೂಡ್ರೈವರ್ ಎತ್ತಿಕೊಡುವುದು ನನ್ನದು. ಯಾದಗಿರಿಯಲ್ಲಿ ನಮ್ಮ ಗ್ಯಾರೇಜಿನ ಬೋರ್ಡಿನ ಮೇಲಿರುವುದೂ ಅವನ ಹೆಸರೇ. ಹಿಂದಿನ ಮನೆಯಲ್ಲಿ ಅವನ ಸಂಸಾರ, ನನ್ನ ಸಂಸಾರ ಎರಡೂ ಇವೆ. ಎರಡೂ ನಡೆಯುವುದು ಆ ಹೆಸರಿನ ಮೇಲೆ. ಚಳಿಗಾಲದ ಒಂದು ಮುಂಜಾನೆ ಚಹಾ ಕುಡಿಯುತ್ತ ಕೂತವನು ಕೂತಲ್ಲೇ ವಾಲಿದ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಇರಲಿಲ್ಲ. ಬೇಸಿಗೆ ಬಂದರೂ ಅವನ ಸಾಮಾನುಗಳನ್ನು ಅವನಿಟ್ಟ ಜಾಗದಿಂದ ನಾನು ಸರಿಸಿರಲಿಲ್ಲ. ಬೇಕಾದುದನ್ನು ಎತ್ತಿಕೊಂಡು, ಕೆಲಸ ಮುಗಿದ ಮೇಲೆ ಮತ್ತೆ ಅಲ್ಲಿಯೇ ಇಡುತ್ತಿದ್ದೆ.

ವಕೀಲರು ಫೋನ್ ಮಾಡಿದ್ದು ಬಿಸಿಲು ಏರಿದ ಮೇಲೆ. "ಮೊಮ್ಮಗಂದು ಶಾದಿ ಅದ. ಬಾರಾತ್ ಶಹಾಪುರಕ್ಕ ಹೋಗೂದು. ಹುಡುಗ ನಮ್ಮ ಗಾಡ್ಯಾಗಽ ಕೂಡ್ತೀನಿ ಅಂತಾನ. ನಿಮ್ಮಣ್ಣ ಇದ್ದಿದ್ರ ನಾ ಫಿಕರ್ ಮಾಡ್ತಿದ್ದಿಲ್ಲ. ನಿನ್ನ ಕೈಲಿಂದ ಆಗ್ತದೇನು?"

"ಆಗ್ತದ್ರಿ" ಎಂದೆ.

ಅದು ವಿಲಾಯಿತಿಯ ಸ್ಪೋರ್ಟ್ಸ್ ಕಾರು. ಛಾವಣಿ ಇಲ್ಲ, ನೆಲಕ್ಕೆ ಹತ್ತಿಕೊಂಡಂತೆ ತಗ್ಗು. ವಕೀಲರ ಮಾವ ಹೈದರಾಬಾದಿನಲ್ಲಿ ಕೊಂಡು ತಂದದ್ದು. ಓಡಿಸುವವರಿಗೆ ಅದರ ಓಟ ಚೆಂದ. ರಿಪೇರಿ ಮಾಡುವವರಿಗೆ ಅದರ ಎಂಜಿನ್ನಿನ ಒಂದು ಮಗ್ಗುಲು ನೋಡಿದರೆ ಹೆದರಿಕೆ. ಎರಡು ಕಾರ್ಬುರೇಟರುಗಳು ಒಂದೇ ಬದಿಗೆ ಇವೆ. ಅವುಗಳ ನೇರ ಕೆಳಗೆ, ಕೈಯಗಲದಷ್ಟು ದೂರದಲ್ಲಿ, ಕೆಂಪಗೆ ಕಾಯುವ ಸೈಲೆನ್ಸರಿನ ಕೊಳವೆಗಳು ಹಾದಿವೆ. ಒಲೆಯ ಮೇಲಿನ ಗೂಡಿನಲ್ಲಿ ಸೀಮೆಎಣ್ಣೆ ಇಟ್ಟಂತೆ. ನಡುವೆ ಶಾಖ ತಡೆಯಲು ಒಂದು ಉಕ್ಕಿನ ತಗಡು ಇರಬೇಕು. ಅದು ಗಡಗಡ ಸದ್ದು ಮಾಡುತ್ತದೆಂದು ನಮಗಿಂತ ಮೊದಲಿನವರು ಯಾರೋ ಬಿಚ್ಚಿ ಎಸೆದಿದ್ದರು.

ತಗಡಿಲ್ಲದ ಕಾರಣ ನಮ್ಮ ಕಡೆಯ ಬೇಸಿಗೆಯಲ್ಲಿ ಪೈಪಿನಲ್ಲಿರುವ ಪೆಟ್ರೋಲ್ ಕುದ್ದು ಆವಿಯಾಗುತ್ತದೆ, ಎಂಜಿನ್ ನಿಂತುಬಿಡುತ್ತದೆ. ಗಾಡಿ ಗ್ಯಾಸ್ ಹಿಡಿಯಿತು ಎನ್ನುತ್ತೇವೆ. ಹಳೆಯ ಜೀಪುಗಳಿಗೂ ಇದೇ ರೋಗ. ಅದಕ್ಕೆ ಇಲ್ಲಿಯ ಎಲ್ಲ ಮಿಸ್ತ್ರಿಗಳು ಮಾಡುವ ಮದ್ದು ಒಂದೇ: ಪೆಟ್ರೋಲ್ ಪೈಪಿಗೆ ಬಟ್ಟೆ ಸುತ್ತಿ ನೀರು ಹಾಕುವುದು. ಬಟ್ಟೆ ಆರುವತನಕ ಪೈಪು ತಂಪಾಗಿರುತ್ತದೆ. ಉಳಿದವರು ಕೈಗೆ ಸಿಕ್ಕ ಚಿಂದಿ ಸುತ್ತುತ್ತಿದ್ದರು. ಅಣ್ಣ ಹಾಗಲ್ಲ. ಅವನ ಹೆಂಡತಿ, ನಾನು ವೈನಿ ಎನ್ನುವವರು, ತಮ್ಮ ಹಳೆಯ ನೂಲಿನ ಸೀರೆಯನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಹರಿದು ಕೊಡುತ್ತಿದ್ದರು. ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟುವಂತೆ ಅಣ್ಣ ಅದನ್ನು ಒಂದು ಸುತ್ತಿನ ಅರ್ಧದ ಮೇಲೆ ಇನ್ನೊಂದು ಸುತ್ತು ಬರುವ ಹಾಗೆ ಬಿಗಿದು, ತುದಿಗಳನ್ನು ತೆಳು ತಾಮ್ರದ ತಂತಿಯಿಂದ ಕಟ್ಟುತ್ತಿದ್ದ. "ಇದನ್ನ ಬಿಚ್ಚಬ್ಯಾಡ್ರಿ, ನೀರ್ ಹಾಕ್ಕೋತ ಇರ್ರಿ, ಸಾಕು" ಎಂದು ಹೇಳಿ ಕಳಿಸುತ್ತಿದ್ದ. ಜನ ಅದಕ್ಕೆ ಮಿಸ್ತ್ರಿ ಕಟ್ಟು ಎಂದೇ ಹೆಸರಿಟ್ಟಿದ್ದರು. ಕೊಂಕಲ್, ವಡಗೇರಾ, ರಾಮಸಮುದ್ರದ ಜೀಪುಗಳಲ್ಲಿ ಈಗಲೂ ಅದು ಇದೆ.

ವಕೀಲರ ಗಾಡಿಯಲ್ಲೂ ಇತ್ತು. ಸುರಪುರಕ್ಕೆ ಹೋಗಿ ಬಾನೆಟ್ ಎತ್ತಿದಾಗ ನಾನು ಮೊದಲು ನೋಡಿದ್ದು ಅದನ್ನೇ. ಬಟ್ಟೆ ಕಪ್ಪಾಗಿತ್ತು, ಸುತ್ತು ಮಾತ್ರ ಒಂದೂ ಸಡಿಲಾಗಿರಲಿಲ್ಲ.

"ಪೆಟ್ರೋಲ್ ಬದಬೂ ಬರ್ತದಲ್ಲ" ಎಂದರು ವಕೀಲರು.

"ಹಳೀ ಗಾಡಿ ಅಲ್ರಿ, ವಾಸನಿ ಬರೂದಽ."

ಅದು ಅಣ್ಣನ ಮಾತು. ಅವನು ಹೇಳುತ್ತಿದ್ದ ಧಾಟಿಯಲ್ಲೇ ಹೇಳಿದೆ.

ಪ್ಲಗ್ಗು ಬದಲಿಸಿದೆ, ಪಾಯಿಂಟು ಉಜ್ಜಿದೆ, ಆಯಿಲ್ ಹೊಸದು ಹಾಕಿದೆ, ಬ್ರೇಕು ಬಿಗಿ ಮಾಡಿದೆ. ಕಟ್ಟಿನ ಮೇಲೆ ಒಂದು ಸಲ ಕೈ ಆಡಿಸಿದೆ. ಬೆರಳು ಒದ್ದೆಯಾಯಿತು. ಮನೆಯವರು ನೀರು ಹಾಕಿರಬೇಕು ಎಂದುಕೊಂಡೆ. ಬೆರಳನ್ನು ಮೂಗಿನ ಹತ್ತಿರ ಹಿಡಿಯಲಿಲ್ಲ. ಬೇರೆ ಯಾರ ಕಟ್ಟಾಗಿದ್ದರೂ ಹಿಡಿಯುತ್ತಿದ್ದೆ, ಬಿಚ್ಚಿಯೂ ನೋಡುತ್ತಿದ್ದೆ. ಅದನ್ನು ಬಿಚ್ಚಿದರೆ ಅಣ್ಣ ಕಟ್ಟಿದ್ದು ಒಂದು ಕಡಿಮೆಯಾಗುತ್ತದೆ ಎಂದು ಮನಸ್ಸಿನಲ್ಲಿ ಬಂತು.

ಟ್ರಾಯಲಿಗೆ ಮದುಮಗನೇ ಬಂದ. ಇಪ್ಪತ್ತೈದರ ಆಸುಪಾಸಿನ ನಗುಮುಖದ ಹುಡುಗ. ಅವನು ಓಡಿಸಿದ, ನಾನು ಪಕ್ಕದಲ್ಲಿ ಕೂತೆ. "ಕಾಕಾ, ಖರೇ ಹೇಳ್ಲೇನು? ಹುಡುಗಿ ಹೂಂ ಅಂದಿದ್ದು ಈ ಗಾಡಿ ಫೋಟೋ ನೋಡಿ. ನಾ ಬಾಜೂಕ ನಿಂತಿದ್ದೆ, ಅಷ್ಟಽ."

ಬಯಲು ರಸ್ತೆಯಲ್ಲಿ ಗಾಡಿ ಸಲೀಸಾಗಿ ಓಡಿತು. ಶಹಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಸಿಕ್ಕಿಕೊಂಡೆವು. ಎಂಜಿನ್ ನಿಂತಲ್ಲೇ ಕಾಯತೊಡಗಿತು, ಎರಡು ಸಲ ಬಿಕ್ಕಳಿಸಿ ಬಂದ್ ಆಯಿತು. ಗಾಡಿಯನ್ನು ಬದಿಗೆ ದೂಡಿಸಿ, ಬಾನೆಟ್ ಎತ್ತಿ, ಬಾಟಲಿಯ ನೀರನ್ನು ಕಟ್ಟಿನ ಮೇಲೆ ಹೊಯ್ದೆ. ಹುಡುಗನಿಗೆ ಸೆಲ್ಫ್ ಹೊಡೆಯಲು ಹೇಳಿದೆ. ಹಿಂದೆ ಟ್ಯಾಂಕಿನ ಹತ್ತಿರ, ಪೆಟ್ರೋಲನ್ನು ಎಂಜಿನ್ನಿಗೆ ದೂಡುವ ಕರೆಂಟಿನ ಪಂಪು ಟಿಕ್ ಟಿಕ್ ಎಂದಿತು. ಎಂಜಿನ್ ತಿರುಗಿತು, ಹಿಡಿಯಲಿಲ್ಲ. ಇನ್ನೊಮ್ಮೆ ತಿರುಗಿದಾಗ ಕಾರ್ಬುರೇಟರು ಕೆಮ್ಮಿತು. ಗಾಳಿ ಸೋಸುವ ಡಬ್ಬಿಗಳನ್ನು ಯಾವ ಕಾಲದಲ್ಲೋ ತೆಗೆದಿದ್ದರು. ತೆರೆದ ಬಾಯಿಯಿಂದ ಉರಿಯ ನಾಲಿಗೆ ಹೊರಬಂದು ಕಟ್ಟನ್ನು ಮುಟ್ಟಿತು. ಕಟ್ಟು ಸದ್ದೇ ಇಲ್ಲದೆ ಹೊತ್ತಿಕೊಂಡಿತು, ಎಣ್ಣೆ ಹಾಕಿದ ಬತ್ತಿಯ ಹಾಗೆ.

ಉಳಿದ ನೀರನ್ನು ಅದರ ಮೇಲೆ ಸುರಿದೆ. ಉರಿ ನೀರಿನ ಜೊತೆಗೇ ಕೆಳಗಿಳಿದು ಸೈಲೆನ್ಸರಿನ ಮೇಲೆ ಹರಡಿತು. ಹುಡುಗ ಹಾರಿ ಹೊರಗೆ ಬಂದಿದ್ದ. ನಾನು ಖಾಲಿ ಬಾಟಲಿ ಹಿಡಿದು ನಿಂತಿದ್ದೆ. ಆಟೋದವನೊಬ್ಬ ಕೂಗಿದ: "ಚಾವಿ ಬಂದ್ ಮಾಡ್ರಲೇ ಮದ್ಲು, ಪಂಪ್ ಹೊಡ್ಯಾಕತ್ತದ."

ಚಾವಿ ತೆಗೆಯಬೇಕೆಂದು ನನಗೆ ಹೊಳೆದಿರಲಿಲ್ಲ. ಗಾಡಿಯೊಳಗೆ ಬಗ್ಗಿ ಚಾವಿ ತಿರುಗಿಸಿದೆ. ಗಟಾರದ ಕೆಲಸಕ್ಕೆ ಹಾಕಿದ್ದ ಉಸುಕಿನ ರಾಶಿ ಅಲ್ಲಿಯೇ ಇತ್ತು. ಜನ ಪುಟ್ಟಿಯಲ್ಲಿ ತುಂಬಿ ತಂದು ಎಂಜಿನ್ನಿನ ಮೇಲೆ ಎರಚಿದರು. ಮಿರ್ಚಿ ಭಜಿಯವನು ಹಸಿ ಗೋಣಿಚೀಲ ಹೊದಿಸಿದ. ಬೆಂಕಿ ಆರಿತು. ಯಾರಿಗೂ ಏನೂ ಆಗಲಿಲ್ಲ. ಬಾನೆಟ್ಟಿನ ಒಳಗಿನ ಬಣ್ಣ ಗುಳ್ಳೆ ಎದ್ದಿತ್ತು.

"ಯಾವ ಮಿಸ್ತ್ರಿ ಕೆಲಸಪಾ ಇದು?" ಎಂದು ಆಟೋದವನು ಕೇಳಿದ. ಸುತ್ತ ನಿಂತವರ ಮೊಬೈಲುಗಳೆಲ್ಲ ನನ್ನ ಕಡೆ ಇದ್ದವು.

"ಈಗಿನ ಪೆಟ್ರೋಲ್ ಸರಿ ಇಲ್ರಿ" ಎಂದೆ.

ಅದರಲ್ಲಿ ಅರ್ಧ ಸತ್ಯವಿತ್ತು. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆಸುತ್ತಾರೆ, ಹಳೆಯ ರಬ್ಬರಿಗೆ ಅದು ಆಗಿಬರುವುದಿಲ್ಲ. ಆ ಅರ್ಧವನ್ನೇ ಹಿಡಿದುಕೊಂಡೆ.

ಗಾಡಿಯನ್ನು ಟ್ರ್ಯಾಕ್ಟರಿಗೆ ಹಗ್ಗ ಬಿಗಿದು ಯಾದಗಿರಿಗೆ ತಂದೆ. ಮರುದಿನ ಬೆಳಕಿನಲ್ಲಿ ಕಟ್ಟು ಬಿಚ್ಚಿದೆ. ಮೇಲಿನ ಸುತ್ತುಗಳು ಸುಟ್ಟು ಬೂದಿಯಾಗಿದ್ದವು. ಕೆಳಗಿನವು ಇನ್ನೂ ಒದ್ದೆ. ಈ ಸಲ ಮೂಗಿಗೆ ಹಿಡಿದೆ, ನೀರಲ್ಲ, ಪೆಟ್ರೋಲ್. ಬಟ್ಟೆಯ ಕೆಳಗಿನ ರಬ್ಬರ್ ಪೈಪು ಉಬ್ಬಿ ಮೆತ್ತಗಾಗಿತ್ತು, ಉಗುರು ತಾಗಿಸಿದರೆ ಕಪ್ಪು ಮೆತ್ತುತ್ತಿತ್ತು. ಉದ್ದಕ್ಕೂ ಬಿರುಕುಗಳು. ಬಿರುಕಿನಿಂದ ಜಿನುಗಿದ್ದನ್ನು ಬಟ್ಟೆ ಹೀರಿಕೊಂಡು ಇಟ್ಟುಕೊಂಡಿತ್ತು. ಬಟ್ಟೆ ಇಲ್ಲದಿದ್ದರೆ ಪೆಟ್ರೋಲ್ ತೊಟ್ಟಿಕ್ಕುವುದು ಯಾರ ಕಣ್ಣಿಗಾದರೂ ಬೀಳುತ್ತಿತ್ತು. ಬಿಚ್ಚಬೇಡಿ ಎಂದು ಹೇಳಿದ್ದರಿಂದ ಯಾರೂ ಬಿಚ್ಚಿರಲಿಲ್ಲ. ಅಷ್ಟು ಚೆಂದ ಸುತ್ತಿದ್ದರಿಂದ ಬಿಚ್ಚಬೇಕೆಂದು ಅನಿಸುವಂತೆಯೂ ಇರಲಿಲ್ಲ.

ರೊಟ್ಟಿ ತಂದ ವೈನಿ ನನ್ನ ಹಿಂದೆ ನಿಂತಿದ್ದರು. ನೆಲದ ಮೇಲಿನ ಪಟ್ಟಿಗಳನ್ನು ನೋಡಿದರು.

"ಅದು ನನ್ನ ಹಸರ ಸೀರಿ ಅಲ್ಲೇನು?"

"ಹೌದು ವೈನಿ."

"ಪೆಟ್ರೋಲ್ ಖರಾಬ್ ಅದ ಅಂದಿ ನಿನ್ನಿ. ಖರಾಬ್ ಪೆಟ್ರೋಲ್ ಅರಿವ್ಯಾಗ ಹೆಂಗ ಬಂತು?"

ನಾನು ಪೈಪು ತೋರಿಸಿದೆ, ಹೇಗೆ ಬಂತೆಂದು ಹೇಳಿದೆ. ಅವರು ರೊಟ್ಟಿಯ ಡಬ್ಬಿಯನ್ನು ಸ್ಟೂಲಿನ ಮೇಲಿಟ್ಟು ಗೋಡೆಗೆ ಒರಗಿ ಕೂತರು. ಆಮೇಲೆ, "ನೀ ಕಟ್ಟೀದಿ ಅನ್ನು" ಎಂದರು.

"ಏನ್ ವೈನಿ?"

"ಅವ್ರು ಕಟ್ಟಿದ್ದು ಅನಬ್ಯಾಡ. ಹ್ವಾದ ವರ್ಷ ನೀನಽ ಬಿಚ್ಚಿ ಹೊಸಾದು ಕಟ್ಟಿದ್ದಿ, ತಪ್ಪಾತು ಅಂತ ಹೇಳು. ನೀ ಇದ್ದೀದಿ. ನಾಕ್ ದಿನ ಜನ ಅಂತಾರ, ಮತ್ತ ಕೆಲಸ ಮಾಡಿ ತೋರಸ್ತಿ. ಅವ್ರು ಎಲ್ಲಿಂದ ತೋರಸ್ತಾರ?"

ನನಗೂ ಅದೇ ಬೇಕಾಗಿತ್ತು. ಅಣ್ಣನ ಹೆಸರಿನ ಮೇಲೆ ಕಪ್ಪು ಬೀಳುವುದಕ್ಕಿಂತ ನನ್ನ ಮೇಲೆ ಬೀಳಲಿ ಎಂದು ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಎದೆ ಹಗುರವಾಯಿತು ಕೂಡ. ಅಷ್ಟರಲ್ಲಿ ವಕೀಲರ ಫೋನ್ ಬಂತು. ಸುರಪುರದಲ್ಲಿ ಪೆಟ್ರೋಲ್ ಹಾಕಿಸಿದ್ದ ಬಂಕಿನವನಿಗೆ ಅವರು ನೋಟೀಸು ಬರೆಸುತ್ತಿದ್ದರು. "ಕಲಬೆರಕಿ ಮಾರ್ತಾನ ಸಾಲಾ. ನೀ ಗವಾಹಿ ಹೇಳ್ಬೇಕು, ತಯಾರಿರು" ಎಂದರು. ಸಾಕ್ಷಿ ಹೇಳಲು ನಾನು "ಹೂಂ ರಿ" ಎಂದೆ. ಆ "ಹೂಂ" ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ.

ಗಾಡಿಯ ಕೆಲಸ ಮೊದಲಿನಿಂದ ಶುರು ಮಾಡಿದೆ. ಟ್ಯಾಂಕಿನಿಂದ ಕಾರ್ಬುರೇಟರಿನವರೆಗೆ ಇದ್ದ ರಬ್ಬರನ್ನೆಲ್ಲ ಕತ್ತರಿಸಿ ತೆಗೆದೆ. ಹೈದರಾಬಾದಿನ ಅಂಗಡಿಯವನಿಗೆ ಫೋನ್ ಮಾಡಿ, ಎಥೆನಾಲ್ ತಡೆಯುವ ಪೈಪನ್ನೇ ಬಸ್ಸಿನ ಪಾರ್ಸಲಿನಲ್ಲಿ ತರಿಸಿದೆ. ಪೈಪನ್ನು ಕಚ್ಚಿ ಕೊಯ್ಯುವ ಹಳೆಯ ಕ್ಲಿಪ್ಪುಗಳ ಬದಲು ಅಂಚು ನುಣುಪಾದವನ್ನು ಹಾಕಿದೆ. ಕಾರ್ಬುರೇಟರಿನ ಬಟ್ಟಲಲ್ಲಿ ಪೆಟ್ರೋಲ್ ಹೆಚ್ಚಾದರೆ ಹೊರಚೆಲ್ಲಲು ಒಂದು ತೂತಿದೆ. ಅದು ನೇರ ಸೈಲೆನ್ಸರಿನ ಮೇಲೆ ತೊಟ್ಟಿಕ್ಕುವಂತಿತ್ತು. ಅದಕ್ಕೆ ತಾಮ್ರದ ಕೊಳವೆ ಜೋಡಿಸಿ ಗಾಡಿಯ ಅಡಿಯವರೆಗೆ ಇಳಿಸಿದೆ. ತಗಡಿನ ಕೆಲಸದವನಿಂದ ಉಕ್ಕಿನ ಅಡ್ಡತಗಡು ಮಾಡಿಸಿ, ಶಾಖ ತಡೆಯುವ ಹಾಸು ರಿವಿಟ್ ಹೊಡೆದು ಕೂಡಿಸಿದೆ. ಗಾಳಿಯ ಡಬ್ಬಿಗಳನ್ನು ಹುಡುಕಿಸಿ ತಂದೆ. ಅವು ಇದ್ದರೆ ಕಾರ್ಬುರೇಟರು ಕೆಮ್ಮಿದರೂ ಉರಿ ಹೊರಗೆ ಬರುವುದಿಲ್ಲ. ಪಂಪಿನ ವೈರಿಗೆ ಫ್ಯೂಸೇ ಇರಲಿಲ್ಲ, ನೂಲಿನ ಹೊದಿಕೆ ತಗಡಿನ ತೂತಿನಲ್ಲಿ ಸವೆದು ತಾಮ್ರ ಕಾಣುತ್ತಿತ್ತು. ವೈರು ಬದಲಿಸಿ ಫ್ಯೂಸು ಹಾಕಿದೆ. ಎಂಜಿನ್ ನಿಂತು ಆಯಿಲಿನ ಒತ್ತಡ ಇಳಿದರೆ ಪಂಪು ತಾನಾಗಿ ನಿಲ್ಲುವಂತೆ ಒಂದು ಸ್ವಿಚ್ಚು ಕೂಡಿಸಿದೆ. ಬ್ಯಾಟರಿಯ ಸಂಬಂಧ ಪೂರ್ತಿ ಕಡಿಯುವ, ತಿರುಗಿಸುವ ಗುಬುಟನ್ನು ಸೀಟಿನ ಹಿಂದೆ, ಕೈಗೆ ಸಿಗುವಲ್ಲಿ ಇಟ್ಟೆ.

ಇಷ್ಟು ಮಾಡಿ ಚಾಲು ಮಾಡಿದರೆ ತಾಮ್ರದ ಕೊಳವೆಯಿಂದ ಪೆಟ್ರೋಲ್ ಹನಿಯಿತು. ಬಟ್ಟಲು ತುಂಬಿದಾಗ ಪೆಟ್ರೋಲ್ ತಡೆಯುವ ಸೂಜಿ ಹೊಸದು ಹಾಕಿದ್ದೆ, ಅದು ಕೂರುವ ಜಾಗವೇ ಸವೆದಿತ್ತು. ಅದನ್ನೂ ತರಿಸಿ ಹಾಕಿದೆ. ಸೋರುವುದು ನಿಂತಿತು. ಆಮೇಲೆ ಮಧ್ಯಾಹ್ನದ ಬಿಸಿಲಿನಲ್ಲಿ ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿ, ಎಂಜಿನ್ ಚಾಲು ಇಟ್ಟು ಕಾದೆ. ಮೆರವಣಿಗೆಯಲ್ಲಿ ಗಾಡಿ ನಿಲ್ಲುವುದು ಹಾಗೆಯೇ. ಮೊದಲಿಗಿಂತ ಬಹಳ ಹೊತ್ತು ಓಡಿತು. ಕೊನೆಗೆ ಬಿಕ್ಕಳಿಸಿ ನಿಂತಿತು. ಪೆಟ್ರೋಲ್ ಮತ್ತೆ ಕುದ್ದಿತ್ತು. ನನ್ನ ಕೈ ತಾನಾಗಿಯೇ ಗೂಟದ ಮೇಲಿದ್ದ ಬಟ್ಟೆಯ ಕಡೆ ಹೋಯಿತು. ಹೊಸ ಪೈಪು, ಹೊಸ ಕ್ಲಿಪ್ಪು, ಒಂದು ದಿನದ ಮಾತು, ಕಟ್ಟಿದರೆ ಏನಾಗುತ್ತದೆ ಎಂದುಕೊಂಡೆ. ಅಣ್ಣನೂ ಮೊದಲ ಸಲ ಕಟ್ಟುವಾಗ ಪೈಪು ಹೊಸದೇ ಇದ್ದಿರಬೇಕು. ಅವನೂ ಹೀಗೆಯೇ ಅಂದುಕೊಂಡಿರಬೇಕು.

ಬಟ್ಟೆಯನ್ನು ಗೂಟಕ್ಕೇ ಬಿಟ್ಟು ಅಂಗಳದಲ್ಲಿ ಕೂತೆ. ಆಗ ವೈನಿ ಹೇಳಿದ ಮಾತು ಇನ್ನೊಂದು ಬಗೆಯಲ್ಲಿ ತಲೆಗೆ ಬಂತು. ಕಟ್ಟಿದ್ದು ನಾನು ಎಂದರೆ ಕೊಂಕಲ್ಲಿನವನು, ವಡಗೇರಾದವನು ಏನು ತಿಳಿಯುತ್ತಾರೆ? ಮಿಸ್ತ್ರಿಯ ತಮ್ಮ ಕಟ್ಟಿದ್ದು ಹೊತ್ತಿತು, ನಮ್ಮದು ಅಣ್ಣ ಕಟ್ಟಿದ್ದು, ನಮಗೇನೂ ಆಗುವುದಿಲ್ಲ ಎಂದು. ಇನ್ನಷ್ಟು ಭರವಸೆಯಿಂದ ನೀರು ಹಾಕುತ್ತಾರೆ. ಅಣ್ಣನ ಹೆಸರು ಉಳಿಸುವ ಸುಳ್ಳಿನಿಂದ ಆ ಜೀಪುಗಳಲ್ಲಿ ಕೂತವರು ಸುಡಬಹುದು. ಎರಡು ಸಂಗತಿ ನಿರ್ಧಾರ ಮಾಡಿದೆ. ಗಾಡಿ ರಸ್ತೆಯಲ್ಲಿ ಓಡಲಿ, ಮೆರವಣಿಗೆಯಲ್ಲಿ ಎಂಜಿನ್ ಬಂದ್ ಇರಬೇಕು, ದೂಡಬೇಕು. ಮತ್ತು ಕಟ್ಟಿದ್ದು ಅಣ್ಣ ಎಂದೇ ಹೇಳಬೇಕು.

ಹಳೆಯ ಪೈಪನ್ನೂ ಸುಟ್ಟ ಪಟ್ಟಿಯನ್ನೂ ಚೀಲದಲ್ಲಿ ಹಾಕಿಕೊಂಡು ಸುರಪುರಕ್ಕೆ ಹೋದೆ. ವಕೀಲರು ಮುಂದಿನ ಕೋಣೆಯಲ್ಲಿದ್ದರು, ಮದುಮಗನೂ ಇದ್ದ.

"ಬಂಕಿನವನ ತಪ್ಪಲ್ರಿ ಸಾಹೇಬ್ರ. ನೋಟೀಸ್ ಬ್ಯಾಡ."

"ಮತ್ತ ಯಾರ್ದು?"

"ನಮ್ಮಣ್ಣ ಕಟ್ಟಿದ್ದ ಕಟ್ಟಿಂದು."

ಪೈಪು ತೋರಿಸಿ ಎಲ್ಲ ಹೇಳಿದೆ. ಅವರು ಪೈಪನ್ನು ಕೈಯಲ್ಲಿ ತಿರುಗಿಸಿ ನೋಡಿದರು, ನನ್ನನ್ನೂ ನೋಡಿದರು.

"ರಸ್ತಾದಾಗ ಪೆಟ್ರೋಲ್ ಅಂದಿ. ಈಗ ಅಣ್ಣ ಅಂತಿ. ನಾ ಇಡೀ ಉಮರ್ ಕೋರ್ಟಿನಾಗ ಕಳ್ದೀನಿ ಭಾಯಿ, ಬಯಾನ್ ಬದಲ್ಸೋರನ್ನ ಭಾಳ ನೋಡೀನಿ. ಸತ್ತವ್ರ ಮ್ಯಾಲ ಹಾಕೂದು ಎಲ್ಲಾಕ್ಕಿಂತ ಸಸ್ತಾ. ಅಂವ ಎದ್ದು ಬಂದು ಜವಾಬ್ ಕೊಡೂದಿಲ್ಲ."

"ನಾ ಬಿಚ್ಚಿ ನೋಡಬೇಕಿತ್ರಿ. ನೋಡ್ಲಿಲ್ಲ, ಅದು ನನ್ನ ತಪ್ಪು. ಆದ್ರ ಕಟ್ಟಿದ್ದು ಅಂವ."

"ವ್ಹಾ. ಅರ್ಧ ನಿಂದು, ಅರ್ಧ ಅವಂದು. ಚಲೋ ಹಿಸ್ಸಾ ಮಾಡೀದಿ."

ನಾನು ತಲೆ ತಗ್ಗಿಸಿದೆ. ನಿಜ ಹೇಳಿದರೆ ಹೀಗೆ ಕೇಳಿಸುತ್ತದೆ ಎಂದು ನಾನು ಎಣಿಸಿರಲಿಲ್ಲ. ಅಣ್ಣ ಹೋದ ದಿನ ಮಣ್ಣಿಗೆ ಬಂದವರು ಇವರು, ಅವನ ಕೈಗುಣದ ಮಾತಾಡಿ ಕಣ್ಣೊರೆಸಿಕೊಂಡವರು. ಅವರ ಎದುರು ಕೂತು ನಾನು ಅವನನ್ನು ಮಾರುತ್ತಿದ್ದೇನೆ ಎಂದು ಅನಿಸಿತು.

ಆಮೇಲೆ ದೂಡುವ ಮಾತು ತೆಗೆದೆ. "ದೂಡ್ಕೊಂಡು? ಬಾರಾತ್ ಅದಪಾ, ಕೆಟ್ಟ ಟೆಂಪೊ ಅಲ್ಲ" ಎಂದರು ವಕೀಲರು.

ಮದುಮಗ ಅಜ್ಜನ ಮಾತಿಗೆ ಬಾಯಿ ಹಾಕಿದ. "ನಾನಾ, ಬೆಂಕಿ ನಾ ನೋಡೀನಿ, ನೀವು ನೋಡಿಲ್ಲ. ದೋಸ್ತರು ದೂಡ್ತಾರ, ಬಿಡ್ರಿ. ಬ್ಯಾಂಡಿನ ಗದ್ಲದಾಗ ಎಂಜಿನ್ ಆವಾಜ್ ಯಾರ್ ಕೇಳ್ತಾರ?"

"ನಾ ಕೇಳ್ತಿದ್ದೆ" ಎಂದರು ವಕೀಲರು. ಆದರೆ ಬೇಡ ಎನ್ನಲಿಲ್ಲ. ನೋಟೀಸಿನ ಕಾಗದವನ್ನು ಮಡಚಿ ಪೆಟ್ಟಿಗೆಗೆ ಹಾಕಿದರು.

ಗಾಡಿಯನ್ನು ಮೊದಲೇ ಸುರಪುರಕ್ಕೆ ಮುಟ್ಟಿಸಿ, ಮದುವೆಯ ದಿನ ಅಲ್ಲಿಂದ ನಾನೇ ಓಡಿಸಿದೆ. ತೆರೆದ ರಸ್ತೆಯಲ್ಲಿ ಗಾಳಿ ಎಂಜಿನ್ನಿಗೆ ತಾಗುತ್ತಿತ್ತು, ಎಲ್ಲೂ ಬಿಕ್ಕಳಿಸಲಿಲ್ಲ. ಶಹಾಪುರದ ಹೊರಗೆ ನಿಲ್ಲಿಸಿ ಎಂಜಿನ್ ಬಂದ್ ಮಾಡಿದೆ, ಬ್ಯಾಟರಿಯ ಗುಬುಟು ತಿರುಗಿಸಿದೆ, ಟ್ಯಾಂಕಿನ ಮುಚ್ಚಳ ಒತ್ತಿ ನೋಡಿದೆ, ಸೈಲೆನ್ಸರ್ ಆರುವತನಕ ಯಾರಿಗೂ ಹತ್ತಿರ ಬರಗೊಡಲಿಲ್ಲ. ಪಟಾಕಿಯವರನ್ನು ಮೆರವಣಿಗೆಯ ಹಿಂದಕ್ಕೆ ಕಳಿಸಿದೆ. ಆಮೇಲೆ ಮದುಮಗ ಕೂತ, ಗೆಳೆಯರು ದೂಡತೊಡಗಿದರು. ನಾನು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಬಾನೆಟ್ಟಿನ ಪಕ್ಕ ನಡೆದೆ. ಹೊಗೆ ಕಂಡರೆ ಬಾನೆಟ್ಟನ್ನು ಪೂರ್ತಿ ಎತ್ತಬಾರದು, ಗಾಳಿ ಸಿಕ್ಕು ಉರಿ ಏಳುತ್ತದೆ. ಎರಡು ಬೆರಳು ಸಡಿಲಿಸಿ ಸಂದಿಯಿಂದ ಹೊಡೆಯಬೇಕು. ಅದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತ ನಡೆದೆ.

"ಏನಲೇ ದುಲ್ಹಾ, ಪೆಟ್ರೋಲ್ ಹಾಕ್ಸಿಲ್ಲೇನು?" ಎಂದು ಮಾಳಿಗೆಯಿಂದ ಒಬ್ಬ ಕೇಳಿದ.

"ಮಾವ ಹಾಕಸ್ತೀನಿ ಅಂದಾನ" ಎಂದ ಮದುಮಗ. ಜನ ನಕ್ಕರು.

ಚಹಾದಂಗಡಿಯ ಮುಂದೆ ಇಬ್ಬರು ನಿಂತಿದ್ದರು. "ಇಂವ ಯಾರು, ಸಿಲಿಂಡರ್ ಹಿಡ್ಕೊಂಡು ಹೊಂಟಾನಲ್ಲ, ಗ್ಯಾಸಿನವನೇನು?"

"ಯಾದಗಿರಿ ಮಿಸ್ತ್ರಿ ತಮ್ಮ. ಅಣ್ಣ ಇದ್ದಿದ್ರ ಗಾಡಿ ಹಾರಸ್ತಿದ್ದ. ಇಂವ ದೂಡಸಾಕತ್ತಾನ. ಮ್ಯಾಲ ಅಣ್ಣಂದಽ ತಪ್ಪು ಅಂತಾನಂತ."

ಮಾತು ಆಗಲೇ ಶಹಾಪುರ ಮುಟ್ಟಿತ್ತು. ನಾನು ರಸ್ತೆ ನೋಡುತ್ತ ನಡೆದೆ.

ಊಟದ ಹೊತ್ತಿಗೆ ವಕೀಲರು ನನ್ನನ್ನು ಕರೆಸಿ ಎದುರಿಗೆ ಕೂಡಿಸಿಕೊಂಡರು. ತಾವೇ ಬಡಿಸಿದರು. ಕೈ ತೊಳೆಯುವಾಗ, "ಆ ಕಟ್ಟು ಇನ್ನಾ ಬ್ಯಾರೆ ಗಾಡ್ಯಾಗ ಅದೇನು?" ಎಂದು ಕೇಳಿದರು.

"ಅದ ರಿ. ಭಾಳ ಕಡಿ ಅದ."

"ಹೋಗಿ ಹೇಳು ಹಂಗಾದ್ರ. ನಂಬ್ತಾರೇನ್ ನೋಡು."

ನಂಬಲಿಲ್ಲ. ವಡಗೇರಾದ ಜೀಪಿನವನು ನನ್ನ ಮಾತು ಮುಗಿಯಗೊಡಲಿಲ್ಲ. "ಅಣ್ಣ ಕಟ್ಟಿದ್ದು ನಿನಗ್ಯಾಕ ಬ್ಯಾನಿ? ಹೊಸಾ ಪೈಪ್ ಮಾರಾಕ ಬಂದೀಯೇನು? ಅಂವ ಹೋಗಿ ವರ್ಷ ಆಗಿಲ್ಲ, ಅವನ ಕೆಲಸ ಬಿಚ್ಚಾಕ ಹೊಂಟೀದಿ" ಎಂದ. ಪೈಪಿಗೆ ಏನೂ ಕೊಡಬೇಡ, ಬಿಚ್ಚಿ ನೋಡಗೊಡು ಸಾಕು ಎಂದೆ. ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡೇ ನಿಂತ. ರಾಮಸಮುದ್ರದಲ್ಲಿ ಬೈಯಲಿಲ್ಲ, ನೋಡೋಣ ಎಂದು ಕಳಿಸಿದರು. ಕೊಂಕಲ್ಲಿನ ಜೀಪು ಸಂತೆಗೆ ಜನರನ್ನು ತುಂಬಿಕೊಂಡು ಹೋಗುವ ಗಾಡಿ. ಅದೇ ನನಗೆ ಎಲ್ಲಕ್ಕಿಂತ ಹೆಚ್ಚಿನ ಭಯ. ಅದರ ಯಜಮಾನ ಫೋನಿನಲ್ಲೇ, "ನಿನ್ನ ಕೈಗಿ ಕೊಡೂದಿಲ್ಲಪಾ ಗಾಡಿ" ಎಂದು ಇಟ್ಟುಬಿಟ್ಟ.

ಆ ದಿನ ಊಟಕ್ಕೆ ಕೂತಾಗ ವೈನಿ ಕೇಳಿದರು. "ಎಷ್ಟ್ ಮಂದಿ ಬಿಚ್ಚಿಸಿದ್ರು?"

"ಯಾರೂ ಇಲ್ಲ."

"ನಾ ಹೇಳ್ದಂಗ ಹೇಳಿದ್ದಿಲ್ಲ ನೀ."

"ಇಲ್ಲ ವೈನಿ. ಹಂಗ ಹೇಳಿದ್ರ ಇವ್ರು ಬಿಚ್ಚಿಸ್ತಿದ್ದಿಲ್ಲ."

"ಹಿಂಗ ಹೇಳಿದ್ರೂ ಬಿಚ್ಚಿಸ್ಲಿಲ್ಲಲ್ಲ."

ಅವರು ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ಮರುದಿನ ನಾನು ಗ್ಯಾರೇಜ್ ತೆರೆಯುವ ಹೊತ್ತಿಗೆ ತಲೆಯ ಮೇಲೆ ಸೆರಗು ಹೊದ್ದು ಬಾಗಿಲಲ್ಲಿ ನಿಂತಿದ್ದರು. ಅಣ್ಣ ಹೋದ ಮೇಲೆ ಅವರು ಓಣಿ ದಾಟಿರಲಿಲ್ಲ. "ಕೊಂಕಲ್ ಬಸ್ ಎಷ್ಟೊತ್ತಿಗದ?" ಎಂದರು. ನೀವು ಬರುವುದು ಬೇಡ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಹೊಸ ಪೈಪು ಮತ್ತು ಕ್ಲಿಪ್ಪುಗಳನ್ನು ಚೀಲಕ್ಕೆ ಹಾಕಿಕೊಂಡೆ.

ಕೊಂಕಲ್ಲಿನ ಜೀಪಿನವನು ನನ್ನನ್ನು ನೋಡಿ ಕೂತೇ ಇದ್ದ. ವೈನಿಯನ್ನು ನೋಡಿ ಎದ್ದ. "ಬರ್ರಿ ಅಕ್ಕಾರ, ನೆಳ್ಳಾಗ ಬರ್ರಿ. ನೀವ್ಯಾಕ ಬರಾಕ ಹೋದ್ರಿ ಬಿಸಲಾಗ?"

"ಕೂಡಾಕ ಬಂದಿಲ್ಲಪಾ. ನಮ್ಮ ಮನಿಯವ್ರು ನಿನ್ನ ಗಾಡಿಗಿ ಅರಿವಿ ಕಟ್ಯಾರ. ಅರಿವಿ ಹರಿದು ಕೊಟ್ಟಾಕಿ ನಾನು. ಅದು ತಪ್ಪಾಗ್ಯದ. ಬಿಚ್ಚಸು."

ಅವನು ನನ್ನ ಕಡೆ ನೋಡಿ, ಮತ್ತೆ ಅವರ ಕಡೆ ನೋಡಿದ. "ಅಂಥವ್ರ ಕೆಲಸ ಅಕ್ಕಾರ. ತಪ್ಪು ಅಂತ ನೀವಽ ಅಂದ್ರ ಹೆಂಗ?"

"ನಾನಽ ಅನ್ನಬೇಕಪಾ. ಅವ್ರಿಲ್ಲ."

ಅಂಗಳದಲ್ಲಿ ಸಂತೆಗೆ ಹೊರಟ ಹೆಂಗಸರು ಗಂಟು ಇಳಿಸಿ ಕೇಳುತ್ತ ನಿಂತಿದ್ದರು. ಮುಚ್ಚಿದ ಕೋಣೆಯಲ್ಲಿ, ತಲೆ ತಗ್ಗಿಸಿ, ಅರ್ಧ ನನ್ನದು ಅರ್ಧ ಅವನದು ಎಂದು ನಾನು ಹೇಳಿದ್ದ ಮಾತನ್ನು ಅವರು ಅಷ್ಟು ಜನರ ಮುಂದೆ ನೆಟ್ಟಗೆ ನಿಂತು ಹೇಳಿದರು. ನಾನು ಅವರ ಹಿಂದೆ ಚೀಲ ಹಿಡಿದು ನಿಂತಿದ್ದೆ. ನನ್ನಿಂದ ಆಗದ್ದಕ್ಕೆ ಅವರನ್ನು ಈ ಬಿಸಿಲಿಗೆ ಕರೆತಂದಿದ್ದೆ.

ಜೀಪಿನವನು ಬಾನೆಟ್ ಎತ್ತಿದ. ತಂತಿಯ ಗಂಟು ಬಿಡಿಸಿ, ಸುತ್ತು ಸುತ್ತಾಗಿ ಬಿಚ್ಚಿದೆ. ಒಳಗಿನ ಪಟ್ಟಿಯನ್ನು ಅವನ ಮೂಗಿಗೆ ಹಿಡಿದೆ. ಪೈಪನ್ನು ಬಾಗಿಸಿ ಬಿರುಕು ತೋರಿಸಿದೆ. ಹಿಂದಿನ ಸೀಟಿನಲ್ಲಿ ಆಗಲೇ ಕೂತಿದ್ದ ಮುದುಕಿಯನ್ನು ಅವನೇ ಕೈಹಿಡಿದು ಇಳಿಸಿದ. ಹೊಸ ಪೈಪು ಹಾಕಿ ಮುಗಿಸುವತನಕ ಯಾರನ್ನೂ ಹತ್ತಗೊಡಲಿಲ್ಲ.

ವಾಪಸು ಬಸ್ಸಿನಲ್ಲಿ ವೈನಿಗೆ ಕಿಟಕಿಯ ಹತ್ತಿರ ಜಾಗ ಸಿಕ್ಕಿತು. ನಾನು ಪಕ್ಕದಲ್ಲಿ ಕಂಬಿ ಹಿಡಿದು ನಿಂತೆ. ಬಹಳ ದೂರ ಬಂದ ಮೇಲೆ, "ಬಿಚ್ಚಾಕ ಭಾಳ ಹೊತ್ತು ಹಿಡೀತು" ಎಂದರು.

"ಗಟ್ಟಿ ಕಟ್ಟಿದ್ದ ವೈನಿ."

"ಹೂಂ" ಎಂದು ಹೊರಗೆ ನೋಡತೊಡಗಿದರು. ಯಾದಗಿರಿ ಬರುವತನಕ ನಾನು ಅವರ ಮುಖ ನೋಡಲಿಲ್ಲ. ಇಳಿಯುವಾಗ ಸೆರಗು ಸರಿಮಾಡಿಕೊಳ್ಳುತ್ತ, "ನಾಳಿ ವಡಗೇರಾ" ಎಂದರು.